ಸೊಳ್ಳೆರಾಯರು ಮತ್ತು ಮೂರನೆಯ ರಕ್ತ

ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯಲ್ಲಿ ಮೂವತ್ತಾರು ವರ್ಷದಿಂದ ಸೂಜಿ ಹಿಡಿದು ಕೂತವರಿಗೆ ಸೊಳ್ಳೆರಾಯರು ಎಂದು ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಆ ಹೆಸರಿನಿಂದ ಸೊಳ್ಳೆಗಳಿಗೇ ಅವಮಾನವಾಯಿತು ಅನ್ನುವವರೂ ಇದ್ದರು. ಸೊಳ್ಳೆ ಕಚ್ಚಿದರೆ ಗೊತ್ತಾಗುತ್ತದೆ, ರಾಯರು ಚುಚ್ಚಿದರೆ ಗೊತ್ತಾಗುತ್ತಿರಲಿಲ್ಲ. ಒಬ್ಬ ಪೈಲ್ವಾನರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ‘ಹೂಂ, ಶುರು ಮಾಡಿ’ ಎಂದು ತೋಳು ಚಾಚಿ ಅರ್ಧ ಗಂಟೆ ಕೂತಿದ್ದರಂತೆ. ಅಷ್ಟರಲ್ಲಿ ಅವರ ರಕ್ತದ ವರದಿ ಬಂದು, ಸಕ್ಕರೆ ಜಾಸ್ತಿಯಾಗಿದೆ ಎಂದು ಡಾಕ್ಟರು ಬೈದೂ ಆಗಿತ್ತಂತೆ. ಆಸ್ಪತ್ರೆಯ ಮೆಟ್ಟಿಲುಕಲ್ಲಿಗೆ ರಬ್ಬರ್ ಪಟ್ಟಿ ಕಟ್ಟಿ ತಂದುಕೊಟ್ಟರೂ ಎರಡು ಎಂ.ಎಲ್. ತೆಗೆದುಕೊಡುತ್ತೇನೆ ಎಂದು ರಾಯರೇ ಹೇಳುತ್ತಿದ್ದರು. ಯಾರೂ ಕಲ್ಲು ತರಲಿಲ್ಲ. ನಿಜವಾಗಿಬಿಟ್ಟರೆ ಏನು ಗತಿ ಎಂಬ ಹೆದರಿಕೆ.

ಅವರಿಗಿದ್ದ ಒಂದೇ ಕೊರತೆ ಎಂದರೆ ಮುಖ ನೆನಪಿರುತ್ತಿರಲಿಲ್ಲ. ಮೊಣಕೈ ನೆನಪಿರುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ‘ನಮಸ್ಕಾರ ರಾಯರೇ’ ಅಂದರೆ ಗೋಡೆ ನೋಡಿದ ಹಾಗೆ ನೋಡುತ್ತಿದ್ದರು. ಆ ಮನುಷ್ಯ ಅಂಗಿಯ ತೋಳು ಮಡಿಸಿ ಮೊಣಕೈಯ ಒಳಮಡಿಕೆ ತೋರಿಸಿದ ಕೂಡಲೇ ‘ಓಹೋ, ಅಂಚೆ ಕಚೇರಿಯವರು! ಮಗಳಿಗೆ ಹೆರಿಗೆ ಆಯ್ತಾ?’ ಎಂದು ಬಾಯಿ ತುಂಬ ನಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಮಾರುಕಟ್ಟೆಯ ನೂಕುನುಗ್ಗಲಲ್ಲಿ ತಪ್ಪಿಸಿಕೊಂಡರೆ ತಾನು ಕೈ ಎತ್ತಿ ಮೊಣಕೈ ತೋರಿಸಬೇಕಾಗುತ್ತಿತ್ತು ಎಂದು ಅವರ ಹೆಂಡತಿ ಇವತ್ತಿಗೂ ಹೇಳುತ್ತಾರೆ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಆಕೆ ಹೇಳುವುದಿಲ್ಲ.

ಜೇಬಿನಲ್ಲಿ ಅವರದೊಂದು ನೋಟ್‌ಬುಕ್ ಸದಾ ಇರುತ್ತಿತ್ತು. ಮತ್ತೆ ಮತ್ತೆ ರಕ್ತ ಕೊಡಬೇಕಾದ ರೋಗಿಗಳ ಪ್ರತಿ ಕೈಗೂ ಅದರಲ್ಲಿ ಒಂದು ಪುಟ್ಟ ಚಿತ್ರ. ನರ ಎಲ್ಲಿಂದ ಹೊರಟು ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಜಾರುತ್ತದೆ, ಎಲ್ಲಿ ಒಂದೇ ಸಲಕ್ಕೆ ಸಿಗುತ್ತದೆ ಎಂಬ ಟಿಪ್ಪಣಿ. ನೋಡಿದರೆ ಯಾವುದೋ ದೇಶದ ನದಿಗಳ ನಕ್ಷೆ ಅನ್ನಬೇಕು. ಇದನ್ನು ಬರೆಯಬೇಕೆಂಬ ನಿಯಮ ಯಾವ ಆಸ್ಪತ್ರೆಯಲ್ಲೂ ಇಲ್ಲ. ನಿಯಮವಿದ್ದದ್ದು ಬೇರೆಯದಕ್ಕೆ: ರೋಗಿಯ ಹೆಸರು ಅವನ ಬಾಯಿಂದಲೇ ಹೇಳಿಸಬೇಕು, ಫಾರಂಗೆ ಅಂಟಿಸಿದ ಫೋಟೋ ನೋಡಬೇಕು, ಮುಖ ನೋಡಬೇಕು, ಆಮೇಲೆ ಸಹಿ ಹಾಕಿಸಬೇಕು. ರಾಯರು ಸಹಿ ಹಾಕಿಸುತ್ತಿದ್ದರು.

ನಿವೃತ್ತಿಗೆ ಆರು ವಾರವಿತ್ತು. ‘ಮೂವತ್ತಾರು ವರ್ಷಗಳಲ್ಲಿ ಒಂದು ಟ್ಯೂಬೂ ಅದಲುಬದಲಾಗದ ಹಸ್ತ’ ಎಂಬ ಸಾಲನ್ನು ಬಿನ್ನವತ್ತಳೆಗೆ ಆಗಲೇ ಅಚ್ಚು ಹಾಕಿಸಿಯಾಗಿತ್ತು. ಆ ಸಾಲು ಬರೆದುಕೊಟ್ಟವರು ರಾಯರೇ ಎಂದು ಕೆಲವರ ಗುಮಾನಿ.

ಆ ಕಾಲಕ್ಕೆ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಒಂದು ಅಧ್ಯಯನ ನಡೆಸುತ್ತಿದ್ದರು. ಬ್ಯಾಕ್ಟೀರಿಯಾದಿಂದ ಬರುವ ಮಿದುಳುಪೊರೆಯ ಜ್ವರ. ಬೆಳಿಗ್ಗೆ ತಲೆನೋವು ಅಂದವನು ಸಂಜೆಗೆ ಹೆಂಡತಿ ಮಕ್ಕಳನ್ನು ಗುರುತಿಸದಂತೆ ಮಾಡಿಬಿಡುವ ಕಾಯಿಲೆ. ಬದುಕಿ ಉಳಿದವರ ಮೈ ಆ ರೋಗಾಣುವಿಗೆ ಎದುರಾಗಿ ಎಷ್ಟು ಪ್ರತಿಕಾಯ ಕಟ್ಟಿಕೊಳ್ಳುತ್ತದೆ, ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಪ್ರತಿ ರೋಗಿಯಿಂದ ಮೂರು ಸಲ ರಕ್ತ. ಸೇರಿದ ದಿನ ಒಂದು, ಹದಿನೈದನೆಯ ದಿನ ಒಂದು, ಮನೆಗೆ ಹೋಗಿ ಮೂರು ತಿಂಗಳಾದ ಮೇಲೆ ಬಂದು ಒಂದು. ಮೂರೂ ಕೂಡುವ ತನಕ ಯಾವುದನ್ನೂ ಪರೀಕ್ಷೆ ಮಾಡುವಂತಿಲ್ಲ. ಬೇರೆ ಬೇರೆ ದಿನ ಮಾಡಿದರೆ ಹೋಲಿಸುವುದಕ್ಕೆ ಬರುವುದಿಲ್ಲ ಎಂದು ಮೂರನ್ನೂ ಒಂದೇ ದಿನ, ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಬೇಕು. ಅಲ್ಲಿಯವರೆಗೆ ಮೊದಲಿನ ಎರಡು ಟ್ಯೂಬು ಫ್ರೀಜರಿನಲ್ಲಿ ಕಲ್ಲಾಗಿ ಮಲಗಿರುತ್ತಿದ್ದವು.

ತಟ್ಟೆ ಎಂದರೆ ಊಟದ್ದಲ್ಲ. ಅಂಗೈಯಗಲದ ಪ್ಲಾಸ್ಟಿಕ್ಕು, ಅದರಲ್ಲಿ ತೊಂಬತ್ತಾರು ಗುಳಿ. ಗುಳಿಯ ತಳದಲ್ಲಿ ರೋಗಾಣುವಿನ ಹೊದಿಕೆಯ ಚೂರು ಅಂಟಿಸಿ, ಮೇಲೆ ರಕ್ತದ ತಿಳಿ ಹಾಕಿ, ತೊಳೆದು, ಬಣ್ಣದ ನೀರು ಹಾಕಿದರೆ ಪ್ರತಿಕಾಯ ಇದ್ದಷ್ಟು ಹಳದಿಯಾಗುತ್ತದೆ. ಇಲ್ಲದಿದ್ದರೆ ನೀರು ನೀರಾಗಿಯೇ ಉಳಿಯುತ್ತದೆ. ಈ ಕೆಲಸಕ್ಕೆ ಒಬ್ಬಾಕೆ ಇದ್ದರು, ಎಲ್ಲರಿಗೂ ತಟ್ಟೆಯಕ್ಕ. ಇಪ್ಪತ್ತು ವರ್ಷದಿಂದ ರಾಯರ ಪಕ್ಕದ ಮೇಜು. ಆ ಗುಳಿಗಳನ್ನು ನೋಡಿ ನೋಡಿ ಆಕೆಯ ಕಣ್ಣು ಎಷ್ಟು ಚುರುಕಾಗಿತ್ತೆಂದರೆ, ಮನೆಯಲ್ಲಿ ಗಂಡ ಗೋಡೆಗೆ ಹಳದಿ ಬಣ್ಣ ಹೊಡೆಸಿದಾಗ ‘ಕಿಟಕಿ ಪಕ್ಕ ಸೊನ್ನೆ ಪಾಯಿಂಟ್ ಎರಡು ಕಮ್ಮಿ’ ಎಂದು ಹೇಳಿ ಪೇಂಟರನನ್ನು ವಾಪಸು ಕರೆಸಿದ್ದರು.

ಆ ಮಂಗಳವಾರ ಮೂವತ್ತೊಂದನೇ ನಂಬರಿನ ರೋಗಿಯ ತಟ್ಟೆ ಓದುತ್ತಾ ತಟ್ಟೆಯಕ್ಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

‘ರಾಯರೇ, ಇಲ್ಲಿ ಬನ್ನಿ. ಇದೇನು ನೋಡಿ.’

ಮೊದಲನೇ ರಕ್ತ ನೀರು. ಅದು ಸರಿ, ಕಾಯಿಲೆ ಶುರುವಿನಲ್ಲಿ ಯಾರದ್ದಾದರೂ ಹಾಗೇ. ಎರಡನೆಯದೂ ನೀರು. ಹದಿನೈದು ದಿನಕ್ಕೆ ಬೇರೆಯವರದೆಲ್ಲ ಹಳದಿ ತಿರುಗಿರುತ್ತಿತ್ತು. ಮೂರನೆಯದು ಮಾತ್ರ ಕಣ್ಣು ಕುಕ್ಕುವಂಥ ಹಳದಿ.

ದೊಡ್ಡ ಡಾಕ್ಟರಮ್ಮ ಓಡಿ ಬಂದರು. ಓಡುವ ಪೈಕಿ ಅಲ್ಲ ಅವರು. ಅವರು ನಡೆದರೆ ಕಾರಿಡಾರು ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು. ಅಂಥವರು ಓಡಿ ಬಂದು, ತಟ್ಟೆಯನ್ನು ಬೆಳಕಿಗೆ ಹಿಡಿದು, ‘ಅಬ್ಬಾ!’ ಅಂದರು.

‘ಎರಡನೇದು ನೋಡಿ ಎದೆ ಧಸಕ್ ಅಂತು ನಂಗೆ. ಮೂರನೇದೂ ಹಿಂಗೇ ನೀರಾಗಿದ್ದಿದ್ರೆ ಇವತ್ತೇ ಆ ಮನುಷ್ಯನ್ನ ಹಿಡಿದು ತರಿಸ್ತಿದ್ದೆ. ಅಷ್ಟು ದೊಡ್ಡ ಕಾಯಿಲೆ ಬಂದು ಹೋದ್ಮೇಲೂ ಏನೂ ಕಟ್ಟಿಕೊಂಡಿಲ್ಲ ಅಂದ್ರೆ ಅವನ ಮೈಗೆ ಆ ಶಕ್ತೀನೇ ಇಲ್ಲ ಅಂತ. ಇನ್ನೊಂದು ಸಲ ಬಂದ್ರೆ ಉಳಿಯೋದು ಕಷ್ಟ. ಸದ್ಯ, ತಡವಾಗಿ ಆದ್ರೂ ಏರಿದೆ!’

‘ಸೋಮಾರಿ ಮೈ ಮೇಡಂ,’ ಎಂದರು ರಾಯರು. ‘ಕೆಲವರ ಮೈ ನಮ್ಮ ಕಚೇರಿ ಥರ. ಅರ್ಜಿ ಕೊಟ್ಟು ಮೂರು ತಿಂಗಳಿಗೆ ಉತ್ತರ.’

ಡಾಕ್ಟರಮ್ಮ ನಕ್ಕರು. ಅವರು ನಕ್ಕದ್ದನ್ನು ಆಸ್ಪತ್ರೆಯಲ್ಲಿ ಕಂಡವರಿಲ್ಲವಾದ್ದರಿಂದ ತಟ್ಟೆಯಕ್ಕ ದಿನಾಂಕ ಬರೆದಿಟ್ಟುಕೊಂಡರು. ಇಂಥ ತಡವಾದ ಏರಿಕೆ ಅಪರೂಪ, ಮುಂದಿನ ತಿಂಗಳ ದೊಡ್ಡ ಸಭೆಯಲ್ಲಿ ಇದನ್ನೇ ಕೊನೆಯ ಚಿತ್ರವಾಗಿ ತೋರಿಸುತ್ತೇನೆ, ಮೂರೂ ರಕ್ತ ತೆಗೆದ ತಾರೀಖು, ವೇಳೆ, ಯಾವ ಕೈ ಎಲ್ಲ ತುಂಬಿಕೊಡಿ ಎಂದು ರಾಯರಿಗೆ ಒಂದು ಹಾಳೆ ಕೊಟ್ಟು ಹೋದರು.

ಮಧ್ಯಾಹ್ನ ಊಟವಾದ ಮೇಲೆ ರಾಯರು ನೋಟ್‌ಬುಕ್ ತೆಗೆದರು. ಮೂವತ್ತೊಂದು. ಮೊದಲ ರಕ್ತ: ಎಡಗೈ, ನೂಲಿನಂಥ ನರ, ಮಡಿಕೆಯಿಂದ ಎರಡು ಬೆರಳು ಕೆಳಗೆ ಕವಲು, ಜಾರುತ್ತದೆ, ಎರಡನೇ ಚುಚ್ಚಿಗೆ ಸಿಕ್ಕಿತು. ರಾಯರ ಕೈಗೆ ಎರಡನೇ ಚುಚ್ಚು ಎಂದರೆ ವರ್ಷಕ್ಕೊಂದು ಸಲ, ಗ್ರಹಣವಿದ್ದ ಹಾಗೆ. ಎರಡನೇ ರಕ್ತ: ಎಡಗೈ, ಅದೇ ನೂಲು, ಅದೇ ಕವಲು. ಮೂರನೇ ರಕ್ತ: ಎಡಗೈ, ಹಗ್ಗ, ನೇರ, ಕವಲಿಲ್ಲ. ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ, ‘ಭೇಷ್! ಚೆನ್ನಾಗಿ ಮೈ ತುಂಬಿಕೊಂಡಿದ್ದಾನೆ.’

ರಾಯರು ಹಾಳೆ ತುಂಬುವುದು ಬಿಟ್ಟು ಪೆನ್ನಿಗೆ ಮುಚ್ಚಳ ಹಾಕಿದರು.

ಮೈ ತುಂಬಿಕೊಳ್ಳಬಹುದು. ನೂಲು ಹಗ್ಗವಾಗಬಹುದು, ಒಂದು ಪಕ್ಷ. ಆದರೆ ಕವಲು ಎಲ್ಲಿಗೆ ಹೋಗುತ್ತದೆ? ಮೂವತ್ತಾರು ವರ್ಷದಲ್ಲಿ ದಪ್ಪಗಾದವರು, ಸಣ್ಣಗಾದವರು, ಬಸುರಿಯರು, ಮುದುಕರು, ಎಲ್ಲರ ಕೈ ನೋಡಿದ್ದರು. ನರ ಅಡಗಿ ಕೂರುತ್ತದೆ, ಗಟ್ಟಿಯಾಗುತ್ತದೆ, ಆದರೆ ಒಂದು ಕವಲೂ ಮನೆ ಬಿಟ್ಟು ಹೋದದ್ದನ್ನು ಅವರು ಕಂಡಿರಲಿಲ್ಲ. ಆಮೇಲೆ ಇನ್ನೊಂದು ನೆನಪಾಯಿತು. ಮೂವತ್ತೊಂದನೇ ನಂಬರಿನವನಿಗೆ ಆ ಜ್ವರದಲ್ಲಿ ಎಡಗಿವಿ ಹೋಗಿತ್ತು. ಮೂರನೇ ಸಲ ಬಂದವನ ಎಡಗಡೆ ಕೂತು ರಾಯರು ಮೆಲ್ಲಗೆ ಏನೋ ಚೇಷ್ಟೆಯ ಮಾತಾಡಿದ್ದರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ತಮ್ಮ ಜೋಕು ಅಷ್ಟು ಚೆನ್ನಾಗಿತ್ತೆಂದು ಉಬ್ಬಿಹೋದ ರಾಯರಿಗೆ, ಸತ್ತ ಕಿವಿಗೆ ಅದು ಕೇಳಿಸಿದ್ದು ಹೇಗೆ ಎಂದು ಹೊಳೆದೇ ಇರಲಿಲ್ಲ.

ಮುಖ? ಎಷ್ಟು ಯೋಚಿಸಿದರೂ ಮುಖವಿರಬೇಕಾದ ಜಾಗದಲ್ಲಿ ಮೊಣಕೈಯೇ ಬಂದು ಕೂತಿತು.

ಸಂಜೆ ಮನೆಯಲ್ಲಿ ಹೆಂಡತಿ ಇಸ್ತ್ರಿ ಮಾಡುತ್ತಿದ್ದರು. ಬೀಳ್ಕೊಡುಗೆಗೆಂದು ಹೊಸ ಅಂಗಿ. ರಾಯರು ಕುರ್ಚಿಯ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದರು.

‘ಹಂಗಾದ್ರೆ ಬಂದಿದ್ದೋನು ಬೇರೆಯೋನು,’ ಎಂದರು ಆಕೆ, ಕಾಲರು ತಿರುಗಿಸುತ್ತಾ.

‘ಹಂಗೇ ಅಂತ ಕಾಣುತ್ತೆ.’

‘ನಿಮ್ಮ ಡಾಕ್ಟರಮ್ಮನಿಗೆ ಹೇಳಿದ್ರಾ?’

‘ಇನ್ನೂ ಇಲ್ಲ. ಖಚಿತ ಆಗ್ಲಿ ಅಂತ. ಆರು ವಾರ ಇದೆ ಅಷ್ಟೇ ನಂಗೆ. ಬಿನ್ನವತ್ತಳೆ ಅಚ್ಚಾಗಿದೆ. ಮೇಡಂ ಸಭೇಲಿ ಇದನ್ನೇ ತೋರಿಸ್ತಾರೆ. ಎಲ್ಲರಿಗೂ ಖುಷಿ. ನಾನೊಬ್ಬ ಬಾಯಿ ಬಿಡದಿದ್ರೆ ಯಾರಿಗೂ...’

‘ಆ ಹುಡುಗನಿಗೆ?’

‘ಹುಡುಗ ಏನಲ್ಲ, ಮೂವತ್ತೈದು ವರ್ಷ.’

‘ಮೂವತ್ತೈದು ಅಂದ್ರೆ ಹುಡುಗನೇ. ಅವನು ಮತ್ತೆ ಮಲಗಿದ್ರೆ?’

ಹೆಂಡತಿ ಅಂಗಿಯನ್ನು ಹ್ಯಾಂಗರಿಗೆ ಹಾಕಿ, ‘ಈ ಅಂಗಿ ಹಾಕ್ಕೊಂಡು ಯಾವ ಮುಖ ಇಟ್ಕೊಂಡು ಹೋಗ್ತೀರಿ ಅಂತ ಯೋಚನೆ ಮಾಡಿ. ಮುಖದ ವಿಷಯ ನಿಮಗೆ ಮೊದಲೇ ಕಷ್ಟ,’ ಅಂದರು. ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಎತ್ತರದ ದನಿಯಲ್ಲಿ ಮಾತಾಡಿದ್ದು ಎರಡೇ ಸಲ. ಮೆಲ್ಲಗೆ ಆಡಿದ ಮಾತಿಗೇ ರಾಯರು ಹೆಚ್ಚು ಹೆದರುತ್ತಿದ್ದರು.

ಮಾರನೇ ದಿನ ಅರ್ಧ ದಿನ ರಜೆ ಹಾಕಿ, ಸೂಜಿ, ಟ್ಯೂಬು, ರಬ್ಬರ್ ಪಟ್ಟಿ, ಹತ್ತಿ ಎಲ್ಲವನ್ನೂ ಊಟದ ಡಬ್ಬಿಯಲ್ಲಿ ಹಾಕಿಕೊಂಡು, ಫಾರಂನಲ್ಲಿದ್ದ ವಿಳಾಸ ಹುಡುಕುತ್ತಾ ಹೊರಟರು. ಮುಖ್ಯರಸ್ತೆಯಿಂದ ಒಳಕ್ಕೆ, ಸೈಕಲ್ ರಿಪೇರಿ ಅಂಗಡಿ ದಾಟಿ, ಎರಡು ಗೋಡೆಗಳ ಸಂದಿಯಲ್ಲಿ ‘ಅಣ್ಣ ತಮ್ಮ ಬೀಗ ರಿಪೇರಿ’ ಎಂಬ ಫಲಕದ ಅಂಗಡಿ. ಅಂಗಡಿ ಅನ್ನುವುದೇ ಹೆಚ್ಚು. ಇಬ್ಬರು ಒಟ್ಟಿಗೆ ಉಸಿರೆಳೆದರೆ ಬಾಗಿಲು ತಾನಾಗಿ ತೆರೆದುಕೊಳ್ಳುವಷ್ಟು ಜಾಗ. ಗೋಡೆ ತುಂಬ ಕೀಗಳು, ಸಾವಿರಾರು, ಗಾಳಿ ಬಂದಾಗ ಗಿಲಿಗಿಲಿ. ಮುಂದೆ ಒಬ್ಬ ಕೀ ಕೊರೆಯುವ ಯಂತ್ರಕ್ಕೆ ಬಗ್ಗಿ ಕೂತಿದ್ದ. ರಾಯರು ಅವನ ಮುಖ ನೋಡಲಿಲ್ಲ, ಎಡಗೈ ನೋಡಿದರು. ಮಡಿಸಿದ ತೋಳಿನ ಕೆಳಗೆ ಹಗ್ಗ. ನೇರ. ಕವಲಿಲ್ಲ.

‘ಏನ್ ಬೇಕಿತ್ತು ಸಾರ್?’

‘ನಿಮ್ಮ ತಮ್ಮ ಬೇಕಿತ್ತು.’

ಯಂತ್ರ ನಿಂತಿತು. ಬೀಗದಣ್ಣ ತಲೆ ಎತ್ತಿದ, ಗುರುತು ಹಿಡಿದ, ಮುಖ ಹುಳ್ಳಗಾಯಿತು.

‘ನಾನೇ ಅಲ್ವಾ ಸಾರ್ ಬಂದಿದ್ದು... ಅಂದ್ರೆ, ನಾನೇ ನಂಬರ್ ಮೂವತ್ತೊಂದು...’

‘ಅಪ್ಪಾ, ಸಾವಿರ ಬೀಗ ತೆಗೆದಿದೀಯ ನೀನು. ನಿನ್ನ ಬಾಯಿಗೆ ಹಾಕಿರೋ ಬೀಗ ತೆಗಿಯೋಕೆ ನಾನು ಬರಬೇಕಾ?’

ಅಷ್ಟರಲ್ಲಿ ಹಿಂದಿನ ಪರದೆ ಸರಿಸಿ ಇನ್ನೊಬ್ಬ ಬಂದ. ಅದೇ ಅಚ್ಚು, ಆದರೆ ಅಚ್ಚಿಗೆ ಲೋಹ ಕಡಿಮೆ ಸುರಿದ ಹಾಗೆ. ಕೈಯಲ್ಲಿ ಕರವಸ್ತ್ರ, ಮೂಗು ಕೆಂಪು. ಬೀದಿಯವರು ಅವನನ್ನು ನೆಗಡಿ ಎಂದೇ ಕರೆಯುತ್ತಿದ್ದರು. ಬುದ್ಧಿ ಬಂದಾಗಿನಿಂದ ಅವನಿಗೆ ನೆಗಡಿ, ಕೆಮ್ಮು, ಕಿವಿ ಸೋರುವುದು, ಎರಡು ವರ್ಷಕ್ಕೊಮ್ಮೆ ನ್ಯುಮೋನಿಯಾ. ಯಾರೂ ಅದನ್ನು ಕಾಯಿಲೆ ಅಂದುಕೊಂಡಿರಲಿಲ್ಲ, ಅವನ ಸ್ವಭಾವ ಅಂದುಕೊಂಡಿದ್ದರು.

‘ಯಾರಣ್ಣಾ?’ ಎಂದ, ಬಲಗಿವಿ ಮುಂದೆ ಮಾಡಿ.

‘ಆಸ್ಪತ್ರೆಯೋರು.’

ನೆಗಡಿ ಪರದೆಯ ಹಿಂದಕ್ಕೆ ಹೋಗಿಬಿಟ್ಟ. ಅಲ್ಲಿದ್ದ ಬಾಗಿಲಿಗೆ ಒಳಗಿನಿಂದ ಕೊಂಡಿ ಹಾಕಿದ ಸದ್ದು. ಬೀಗದವರ ಮನೆ. ಆ ಕೊಂಡಿಯನ್ನು ಹೊರಗಿನವರು ತೆಗೆಯುವ ಮಾತೇ ಇಲ್ಲ.

ಬೀಗದಣ್ಣ ಸ್ಟೂಲು ಎಳೆದುಕೊಟ್ಟ. ‘ತಪ್ಪು ನಂದೇ ಸಾರ್. ಅವತ್ತು ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದ್ರಲ್ಲ, ಆವಾಗಿಂದ ಅವನಿಗೆ ಸೂಜಿ ಅಂದ್ರೆ ಜೀವ ಹೋಗುತ್ತೆ. ಆಸ್ಪತ್ರೆ ಬೀದೀಲಿ ಬಸ್ ತಿರುಗಿದ್ರೆ ಸಾಕು, ಇಳಿದುಬಿಡ್ತಾನೆ. ಮೂರನೇ ಸಲ ಬರ್ಲೇಬೇಕು ಅಂತ ನಿಮ್ಮಿಂದ ಫೋನ್ ಮೇಲೆ ಫೋನ್. ಒಂದೇ ತಾಯಿ ಮಕ್ಕಳು, ಒಂದೇ ಮನೆ, ಒಂದೇ ಪಾತ್ರೆ ಊಟ. ರಕ್ತ ಏನು ಬೇರೆ ಇರುತ್ತಾ ಅಂತ ನಾನೇ ಬಂದು ಕೊಟ್ಟೆ. ನೀವೂ ಏನೂ ಕೇಳ್ಲಿಲ್ಲ.’

‘ನಾನು ಕೇಳ್ಲಿಲ್ಲ,’ ಎಂದರು ರಾಯರು. ‘ಅದಕ್ಕೇ ಬಂದಿದೀನಿ.’

ಆಮೇಲೆ ಅವರು ತಟ್ಟೆಯ ವಿಷಯ ಹೇಳಿದರು. ಮೊದಲೆರಡು ನೀರು, ಮೂರನೆಯದು ಹಳದಿ. ಆ ಹಳದಿ ಅಣ್ಣನದು. ಅವನ ಗಂಟಲಲ್ಲೂ ಎಂದೋ ಇದೇ ರೋಗಾಣು ಬಂದು ತಂಗಿರಬಹುದು, ಅನೇಕರಲ್ಲಿ ಬರುತ್ತದೆ, ಏನೂ ತೊಂದರೆ ಕೊಡದೆ ಹೋಗುತ್ತದೆ, ಹೋಗುವಾಗ ಮೈಗೆ ಪ್ರತಿಕಾಯ ಕಲಿಸಿಕೊಟ್ಟು ಹೋಗುತ್ತದೆ.

ಬೀಗದಣ್ಣ ಕೈಯಲ್ಲಿದ್ದ ಅರ್ಧ ಕೊರೆದ ಕೀಯನ್ನು ತಿರುಗಿಸಿ ನೋಡಿದ.

‘ಅಂದ್ರೆ ಬೀಗ ಒಂದೇ ಬಂತು ಇಬ್ಬರಿಗೂ. ನಾನು ಕೀ ಕೊರ್ಕೊಂಡೆ. ಅವನ ಮೈಯಲ್ಲಿ ಕೊರೆಯೋ ಮಿಷನ್ನೇ ಇಲ್ಲ ಅಂತೀರಾ?’

‘ಇಲ್ಲ ಅಂತ ಗುಮಾನಿ. ಅವನ ರಕ್ತ ಸಿಕ್ಕಿದ್ರೆ ಗೊತ್ತಾಗುತ್ತೆ.’

‘ನಾನೇ ತಂದುಕೊಟ್ಟೆನಾ ಸಾರ್ ಅವನಿಗೆ? ನನ್ನ ಗಂಟಲಿಂದ?’

‘ಹೇಳೋಕಾಗಲ್ಲ. ಬಸ್ಸಲ್ಲಿ ಕೂತಿದ್ದೋನಿಂದ ಬಂದಿರ್ಬಹುದು, ಕೀ ಮಾಡಿಸೋಕೆ ಬಂದೋನಿಂದ ಬಂದಿರ್ಬಹುದು. ಅದನ್ನ ಹಿಡ್ಕೊಂಡು ಕೂರಬೇಡ. ಈಗ ಅವನನ್ನ ಹೊರಗೆ ಕರಿ.’

ಕರೆದರು. ಬೈದರು, ಬೇಡಿಕೊಂಡರು, ತಾಯಿಯ ಹೆಸರು ಹೇಳಿದರು. ಒಳಗಿನಿಂದ ಒಂದು ಸೀನು ಬಿಟ್ಟರೆ ಉತ್ತರವಿಲ್ಲ. ಕೊನೆಗೆ ರಾಯರು ಪರದೆಯ ಹತ್ತಿರ ಹೋಗಿ, ಬಾಗಿಲ ಸಂದಿಗೆ ಬಾಯಿಟ್ಟು ಜೋರಾಗಿ ಹೇಳಿದರು.

‘ನೋಡಪ್ಪಾ, ನಾನು ಮೂವತ್ತಾರು ವರ್ಷದಲ್ಲಿ ಒಂದೂ ತಪ್ಪು ಮಾಡಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಓಡಾಡಿದೀನಿ. ಮಾಡಿದೀನಿ. ನಿನ್ನ ಮುಖ ನಾನು ನೋಡೇ ಇಲ್ಲ. ಎರಡು ಸಲ ನಿನ್ನ ರಕ್ತ ತೆಗೆದ್ರೂ ನೋಡಿಲ್ಲ. ನೋಡಿದ್ರೆ ನಿಮ್ಮಣ್ಣನ್ನ ಅವತ್ತೇ ವಾಪಸ್ ಕಳಿಸಿರ್ತಿದ್ದೆ, ಈ ಒಂದು ತಿಂಗಳು ನೀನು ಹಿಂಗೆ ಬರೀ ಮೈಯಲ್ಲಿ ಓಡಾಡ್ತಿರಲಿಲ್ಲ. ಈಗ ಒಂದು ಸಲ ನೋಡ್ತೀನಿ, ಬಾ.’

ಆಮೇಲೆ ಕೊಂಡಿ ಸರಿಯಿತು.

‘ಮೊದಲೇ ಹೇಳ್ತೀನಿ,’ ಎಂದ ನೆಗಡಿ, ‘ಬೆನ್ನಿಗೆ ಹಾಕಿದ್ರೆ ನಿಮ್ಮ ಮೇಲೇ ವಾಂತಿ ಮಾಡ್ತೀನಿ.’

‘ಕೈಗೇ. ಒಂದೇ.’

ರಾಯರು ಅವನ ಮುಖ ನೋಡಿದರು. ಅಭ್ಯಾಸವಿಲ್ಲದ ಕೆಲಸವಾದ್ದರಿಂದ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಹಣೆಯಿಂದ ಶುರುಮಾಡಿ ಗದ್ದದ ಗಾಯದ ಗುರುತಿನವರೆಗೆ ಬಂದರು. ಹೆಸರು ಹೇಳು ಅಂದರು. ಹೇಳಿದ. ಆಮೇಲೆ ಪಟ್ಟಿ ಕಟ್ಟಿದರು. ಬೀಗಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ಮೇಜಿನ ಮೇಲೆ ಕೈ ಇಡಿಸಿದರು. ಮೊದಲ ಚುಚ್ಚು ತಪ್ಪಿತು. ನೆಗಡಿ ಕೂಗಿಕೊಂಡದ್ದು ಸೈಕಲ್ ಅಂಗಡಿಯವನಿಗೆ ಕೇಳಿ ಅವನು ಚಕ್ರ ಹಿಡಿದುಕೊಂಡೇ ಓಡಿ ಬಂದ.

‘ಒಂದೇ ಅಂದ್ರಿ!’

‘ಇನ್ನೊಂದು ಸುಳ್ಳು ಹೇಳಲ್ಲ, ಇದು ಎರಡನೇದು,’ ಎಂದು ರಾಯರು ಕವಲಿನ ಮೇಲೆ ಬೆರಳಿಟ್ಟು ಹಾಕಿದರು. ಬಂತು.

ಟ್ಯೂಬು ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬರುವಾಗ ರಾಯರ ತಲೆಯಲ್ಲಿ ಒಂದು ಸಣ್ಣ ಹುಳ ಹೊಕ್ಕಿತು. ಯಾರಿಗೂ ಏನೂ ಹೇಳದೆ ಇದಕ್ಕೆ ಮೂವತ್ತೊಂದು, ಮೂರು ಎಂಬ ಚೀಟಿ ಅಂಟಿಸಿ ಫ್ರೀಜರಿನಲ್ಲಿಟ್ಟು, ಹಳೆಯದನ್ನು ಚೆಲ್ಲಿ, ‘ಯಾಕೋ ಅನುಮಾನ ಮೇಡಂ, ಇನ್ನೊಂದು ಸಲ ತಟ್ಟೆ ಹಾಕಿಸಿ’ ಅಂದರೆ? ನೀರು ಬರುತ್ತದೆ. ಡಾಕ್ಟರಮ್ಮ ರೋಗಿಯನ್ನು ಕರೆಸುತ್ತಾರೆ. ಅವನಿಗೂ ಒಳ್ಳೆಯದು, ಬಿನ್ನವತ್ತಳೆಗೂ ಒಳ್ಳೆಯದು. ಮೊದಲ ಸಲ ಹಳದಿ ಬಂದದ್ದು ಹೇಗೆ ಎಂದು ಕೇಳಿದರೆ ಅದು ತಟ್ಟೆಯ ತಪ್ಪು. ತಟ್ಟೆಯ ತಪ್ಪು ಅಂದರೆ ತಟ್ಟೆಯಕ್ಕನ ತಪ್ಪು. ಹುಳ ಅಲ್ಲಿಗೆ ಬಂದು ನಿಂತಿತು. ಇಪ್ಪತ್ತು ವರ್ಷ ತಮ್ಮ ಹಳಸಿದ ಜೋಕುಗಳಿಗೆ ನಗದೆ, ಆದರೂ ಎದ್ದು ಹೋಗದೆ ಕೂತ ಒಬ್ಬಳೇ ಹೆಂಗಸು. ರಾಯರು ಎರಡು ನಿಲ್ದಾಣ ಮೊದಲೇ ಇಳಿದು, ನಡೆದುಕೊಂಡು ಹೋಗಿ, ನೇರವಾಗಿ ದೊಡ್ಡ ಡಾಕ್ಟರಮ್ಮನ ಕೋಣೆಗೆ ಹೋದರು.

ನೋಟ್‌ಬುಕ್ಕು, ಟ್ಯೂಬು ಎರಡನ್ನೂ ಮೇಜಿನ ಮೇಲಿಟ್ಟು ಹೇಳಿದರು. ಡಾಕ್ಟರಮ್ಮ ಪೂರ್ತಿ ಕೇಳಿದರು. ಅವರ ಮುಖದ ಬಣ್ಣ ಹೋಗುವುದನ್ನು ರಾಯರು ಈ ಸಲ ನೋಡಿದರು. ಹೊಸದಾಗಿ ಕಲಿತ ವಿದ್ಯೆ, ಕಲಿತ ದಿನವೇ ಇಷ್ಟು ಉಪಯೋಗಕ್ಕೆ ಬರಬಾರದಿತ್ತು.

‘ಫೋಟೋ ಅಂಟಿಸಿದ್ವಲ್ಲ ರಾಯರೇ ಫಾರಂಗೆ.’

‘ಹೌದು ಮೇಡಂ.’

‘ನೋಡ್ಲಿಲ್ವಾ?’

‘ಇಲ್ಲ ಮೇಡಂ.’

‘ಉಳಿದವರದ್ದು?’

ರಾಯರಿಗೆ ಅಲ್ಲಿಯವರೆಗೆ ಹೊಳೆಯದಿದ್ದ ಪ್ರಶ್ನೆ ಅದು. ಐವತ್ತೆರಡು ರೋಗಿಗಳು. ‘ನಕ್ಷೆ ಇದೆ ಮೇಡಂ ಎಲ್ಲರದ್ದೂ. ಮೂರು ಮೂರನ್ನೂ ಹೋಲಿಸಿ ಕೊಡ್ತೀನಿ. ಅನುಮಾನ ಬಂದವರ ಮನೆಗೆ ನಾನೇ ಹೋಗ್ತೀನಿ.’

‘ಹೋಗಿ,’ ಎಂದರು ಡಾಕ್ಟರಮ್ಮ. ಬೈದಿದ್ದರೆ ಚೆನ್ನಾಗಿತ್ತು.

ತಟ್ಟೆಯಕ್ಕ ಎರಡು ದಿನದಲ್ಲಿ ಹೊಸ ತಟ್ಟೆ ಹಾಕಿದರು. ಅಕ್ಕಪಕ್ಕ ನಾಲ್ಕು ಗುಳಿ: ನೀರು, ನೀರು, ಅಣ್ಣನ ಹಳದಿ, ನೀರು. ಡಾಕ್ಟರಮ್ಮ ಅವತ್ತೇ ನೆಗಡಿಯನ್ನು ಕರೆಸಿದರು. ಅಣ್ಣ ಅವನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಬಂದ. ಎಲ್ಲ ಬಗೆಯ ಪ್ರತಿಕಾಯಗಳ ಒಟ್ಟು ಲೆಕ್ಕ ಹಾಕಿ ನೋಡಿದರೆ, ಒಬ್ಬ ಆರೋಗ್ಯವಂತನಲ್ಲಿ ಇರಬೇಕಾದ್ದರ ಆರರಲ್ಲಿ ಒಂದು ಭಾಗವೂ ಇರಲಿಲ್ಲ. ವರ್ಷಗಟ್ಟಲೆ ಸೋರಿದ ಕಿವಿ, ಬಿಡದ ಕೆಮ್ಮು, ಮರಳಿ ಮರಳಿ ಬಂದ ನ್ಯುಮೋನಿಯಾ, ಎಲ್ಲಕ್ಕೂ ಒಂದೇ ಉತ್ತರ. ಇಂಥವರಿಗೆ ಲಸಿಕೆ ಕೊಟ್ಟರೂ ಮೈ ಕಲಿಯುವುದಿಲ್ಲ. ಬೇರೆಯವರ ಪ್ರತಿಕಾಯವನ್ನೇ ತಿಂಗಳಿಗೊಮ್ಮೆ ನರಕ್ಕೆ ಹನಿ ಹನಿಯಾಗಿ ಕೊಡಬೇಕು, ಬದುಕಿರುವ ತನಕ.

‘ತಿಂಗಳಿಗೊಮ್ಮೆ ಸೂಜಿ?’ ಎಂದ ನೆಗಡಿ.

‘ತಿಂಗಳಿಗೊಮ್ಮೆ.’

‘ಬದುಕಿರೋ ತನಕ?’

‘ಹೂಂ.’

ನೆಗಡಿ ಅಣ್ಣನ ಕಡೆ ತಿರುಗಿದ. ‘ನೀನು ಬರ್ತೀಯಾ ನನ್ನ ಬದ್ಲು?’

‘ನಾನು ಬಂದು ಹಾಕಿಸ್ಕೊಂಡ್ರೆ ನಂಗೇ ಇಳಿಯುತ್ತೋ ಕೋತಿ,’ ಎಂದು ಅಣ್ಣ ತಲೆ ಮೇಲೆ ಮೊಟಕಿದ. ಮೊಟಕಿದ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

ದೊಡ್ಡ ಸಭೆಯಲ್ಲಿ ತಡವಾದ ಏರಿಕೆಯ ಚಿತ್ರ ಬರಲಿಲ್ಲ. ಉಳಿದ ಐವತ್ತೊಂದರಲ್ಲಿ ನಕ್ಷೆ ಹೊಂದಿಕೆಯಾಗದ್ದು ಇನ್ನೊಂದು ಸಿಕ್ಕಿತು. ರಾಯರು ಅವರ ಮನೆಗೂ ಹೋದರು. ಅಲ್ಲಿ ನಿಜವಾಗಿಯೂ ಅದೇ ಹೆಂಗಸು, ಎರಡನೇ ಸಲ ಬಲಗೈಯಿಂದ ರಕ್ತ ತೆಗೆದು ಎಡಗೈ ಎಂದು ಬರೆದದ್ದು ರಾಯರೇ. ಅದನ್ನೂ ವರದಿಗೆ ಸೇರಿಸಿದರು. ಆಸ್ಪತ್ರೆಯಿಂದ ಅವರಿಗೊಂದು ಎಚ್ಚರಿಕೆ ಪತ್ರ ಬಂತು. ಬೀಳ್ಕೊಡುಗೆಗೆ ವಾರ ಮೊದಲು ಅಚ್ಚಿನ ಮನೆಗೆ ಹೋಗಿ ಆ ಒಂದು ಸಾಲು ತೆಗೆಸಿ ಹೊಸದಾಗಿ ಅಚ್ಚು ಹಾಕಿಸಿದರು. ಸಾಲು ಹೋದ ಮೇಲೆ ಅದರಲ್ಲಿ ಉಳಿದದ್ದು ಹೆಸರು, ಹುದ್ದೆ, ವರ್ಷ. ಬೀಳ್ಕೊಡುಗೆಯಲ್ಲಿ ಅದನ್ನು ಓದಿದ ಅಧಿಕಾರಿಗೆ ಉಗುಳು ನುಂಗುವಷ್ಟೂ ಹೊತ್ತು ಹಿಡಿಯಲಿಲ್ಲ. ಹೊಸ ಅಂಗಿ ಚೆನ್ನಾಗಿ ಒಪ್ಪುತ್ತಿತ್ತು ಎಂದು ತಟ್ಟೆಯಕ್ಕ ಹೇಳಿದರು, ಬಣ್ಣ ಅರ್ಧ ಪಾಯಿಂಟ್ ಜಾಸ್ತಿ ಎಂದೂ ಸೇರಿಸಿದರು.

ನೆಗಡಿಗೆ ಮೊದಲ ಹನಿ ಹಾಕಿದ್ದು ರಾಯರು ನಿವೃತ್ತರಾಗುವುದಕ್ಕೆ ಮೂರು ದಿನ ಮುಂಚೆ. ಕಿಟಕಿ ಪಕ್ಕದ ಮಂಚ. ನರ್ಸು ಬಂದು ಹೆಸರು ಕೇಳಿದಳು, ಫೋಟೋ ನೋಡಿದಳು, ಮುಖ ನೋಡಿದಳು. ಮತ್ತೆ ಇನ್ನೊಬ್ಬ ನರ್ಸು ಬಂದು ಅದೇ ಮೂರು ಕೆಲಸ ಮಾಡಿದಳು. ಡಾಕ್ಟರಮ್ಮನ ಹೊಸ ಆಜ್ಞೆ. ರಾಯರು ಬಂದು ಹೆಸರು ಕೇಳಿದಾಗ ನೆಗಡಿಗೆ ರೇಗಿಹೋಯಿತು.

‘ನಾನೇ ಸಾರ್! ಇಂಥ ಜಾಗಕ್ಕೆ ಇನ್ಯಾರು ಬರ್ತಾರೆ ಇಷ್ಟಪಟ್ಟು?’

ಸೂಜಿ ಹೋಯಿತು. ನೆಗಡಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ, ‘ಇನ್ನೂ ಹಾಕ್ಲಿಲ್ವಾ?’ ಎಂದ. ಬೀಗದಣ್ಣ ಬಾಟಲಿ ನೋಡುತ್ತಿದ್ದ. ಸ್ವಚ್ಛ ನೀರಿನಂತೆ ಇತ್ತು.

‘ಇದು ಯಾರದು ಸಾರ್?’

‘ಯಾರ್ಯಾರದ್ದೋ. ಸಾವಿರಾರು ಜನ ರಕ್ತ ಕೊಟ್ಟಿರ್ತಾರೆ, ಅದರಿಂದ ತೆಗೆದು ಕೂಡಿಸಿದ್ದು. ನೆಗಡಿಯೋರು, ಕೆಮ್ಮೋರು, ಏನೂ ಇಲ್ದೋರು.’

‘ಅಷ್ಟೂ ಜನರ ಮುಖ ನೋಡಿ ತಗೊಂಡಿರ್ತಾರಾ?’ ಎಂದ ಬೀಗದಣ್ಣ.

ರಾಯರು ಅವನ ಮುಖ ನೋಡಿದರು. ಅಲ್ಲಿ ನಗು ಇದೆಯೋ ಇಲ್ಲವೋ ಎಂದು ಹೇಳುವಷ್ಟು ಅವರು ಇನ್ನೂ ಪಳಗಿರಲಿಲ್ಲ. ‘ನೋಡಿರ್ತಾರೆ ಅಂತ ಅಂದುಕೊಳ್ಳೋಣ,’ ಎಂದು ಹನಿಗಳ ವೇಗವನ್ನು ಸ್ವಲ್ಪ ಕಡಿಮೆ ಮಾಡಿದರು. ನಾಲ್ಕು ಗಂಟೆ ಹಿಡಿಯಿತು. ಅಣ್ಣ ಅಂಗಡಿ ತೆರೆಯಬೇಕೆಂದು ನಡುವೆ ಎರಡು ಸಲ ಎದ್ದು, ಎರಡು ಸಲವೂ ಮತ್ತೆ ಕೂತ. ತಮ್ಮ ಮೂರನೇ ಗಂಟೆಗೆ ನಿದ್ದೆ ಹೋಗಿದ್ದ.